ದೊಡ್ಡಪ್ಪ ಸೋರುವ ಹೊತ್ತು

ಬೆಳಿಗ್ಗೆ ಮಳೆಯ ಸದ್ದಿಗೆ ಎಚ್ಚರವಾದಾಗ ಹಳೇ ಗುಡಿಯ ಕಾವಲುಗಾರ, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ಎದ್ದು ಓಡಲಿಲ್ಲ. ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು ಸೂರು ನೋಡುತ್ತ ನಕ್ಕ.

"ಬಂತು ಕಣೇ," ಅಂದ.

"ಕೇಳಿಸ್ತಿದೆ. ಇನ್ನೂ ಕಿವುಡಿ ಆಗಿಲ್ಲ ನಾನು." ಹೆಂಡತಿ ಆಗಲೇ ಎದ್ದು ಒಲೆಯ ಮುಂದೆ ಕೂತಿದ್ದಳು. "ಹೀಗೇ ಹತ್ತು ಗಂಟೆವರೆಗೆ ಹೊಡೀಲಿ. ಇವತ್ತೊಂದು ದಿನ ಹೊಡೆದುಬಿಟ್ರೆ ಸಾಕು, ಆಮೇಲೆ ವರ್ಷಪೂರ್ತಿ ಮುಖ ತೋರಿಸದಿದ್ರೂ ನಾನೇನೂ ಅನ್ನಲ್ಲ."

ಬೇರೆ ದಿನವಾಗಿದ್ದರೆ ಮೊದಲ ಹನಿ ಬಿದ್ದಾಗಲೇ ಗಂಡ ಹೆಂಡತಿ ಇಬ್ಬರೂ ಬಾಗಿಲ ಪಕ್ಕದ ತಮ್ಮ ಒಂಟಿ ಕೋಣೆಯಿಂದ ತಪ್ಪಲೆ, ಬಕೆಟ್ಟು, ಬಣ್ಣದ ಡಬ್ಬಿಗಳನ್ನು ಎತ್ತಿಕೊಂಡು ಗುಡಿಯೊಳಕ್ಕೆ ಓಡಬೇಕಿತ್ತು. ಗುಡಿಗೆ ಎಂಟುನೂರು ವರ್ಷ ಅನ್ನುವವರಿದ್ದರು, ಸಾವಿರ ಅನ್ನುವವರೂ ಇದ್ದರು. ಬಂದುಹೋದ ಪಂಡಿತರೆಲ್ಲ ತಮ್ಮ ತಮ್ಮ ಯೋಗ್ಯತೆಗೆ ತಕ್ಕಂತೆ ನೂರಿನ್ನೂರು ಸೇರಿಸಿ, ಕಳೆದು ಹೋಗುತ್ತಿದ್ದರು. ಆದರೆ ಅದು ಹದಿನಾಲ್ಕು ಕಡೆ ಸೋರುತ್ತದೆ ಅನ್ನುವುದು ಇವರಿಬ್ಬರಿಗೆ ಬಿಟ್ಟರೆ ಯಾವ ಪಂಡಿತನಿಗೂ ಗೊತ್ತಿರಲಿಲ್ಲ. ಒಳಗೆ ದೇವರೂ ಇರಲಿಲ್ಲ. ಯಾವ ಕಾಲದಲ್ಲೋ ಜಾಗ ಖಾಲಿ ಮಾಡಿದ್ದ. ಸೋರುವ ಮನೆಯಲ್ಲಿ ಎಷ್ಟು ದಿನ ಅಂತ ಇರ್ತಾನೆ ಪಾಪ, ಅನ್ನುವುದು ಹೆಂಡತಿಯ ಅಭಿಪ್ರಾಯ.

ಮೂವತ್ತೊಂದು ವರ್ಷ ಒಟ್ಟಿಗಿದ್ದ ಮೇಲೆ ಸೋರಿಕೆಗಳು ಮನೆಯವರೇ ಆಗಿಬಿಡುತ್ತವೆ. ಹದಿನಾಲ್ಕಕ್ಕೂ ಹೆಸರಿತ್ತು. ಹೊಸಿಲು ದಾಟಿದ ಕೂಡಲೇ ಸಿಗುವುದು ಅತ್ತೆ. ಮಳೆಗಿಂತ ಮುಂಚೆ ಶುರುಮಾಡಿ, ಮಳೆ ನಿಂತು ಎರಡು ದಿನವಾದರೂ ಗೊಣಗುತ್ತಲೇ ಇರುತ್ತಿತ್ತು. ನಾದಿನಿಗೆ ಒಂದು ಜಾಗ ಅಂತ ಇಲ್ಲ. ಇವತ್ತು ಈ ಕಂಬ, ನಾಳೆ ಆ ಕಂಬ. ಎಡಗಡೆ ಮೂಲೆಯಲ್ಲಿ ಅವಳಿಜವಳಿ, ಒಂದು ಸುಮ್ಮನಾದರೆ ಇನ್ನೊಂದು ಶುರು. ಅಳಿಯ ವರ್ಷಕ್ಕೆ ಒಂದೇ ಸಲ ಬರುತ್ತಿದ್ದದ್ದು, ಆದರೆ ಬಂದಾಗ ಮನೆಯಲ್ಲಿರುವುದರಲ್ಲೇ ದೊಡ್ಡ ಪಾತ್ರೆ ಇಡಬೇಕಿತ್ತು.

ಇವರೆಲ್ಲರಿಗಿಂತ ಭಾರಿ ಮನುಷ್ಯ ದೊಡ್ಡಪ್ಪ. ನಡುಮಂಟಪದ ಕಲ್ಲುಕಟ್ಟೆಯ ನೇರ ಮೇಲೆ ಅವನ ಜಾಗ. ಎಷ್ಟೇ ಜಡಿಮಳೆ ಬರಲಿ, ಮೂರು ಗಂಟೆ ಹೊತ್ತು ಒಂದು ಹನಿ ಬಿಡುವವನಲ್ಲ. ಮೇಲಿನ ಎರಡು ಚಪ್ಪಡಿಗಳ ನಡುವೆ ಎಲ್ಲೋ ಒಂದು ಗುಳಿ ಇತ್ತು. ಅದು ತುಂಬುವವರೆಗೆ ಸುಮ್ಮನಿದ್ದು, ತುಂಬಿದ ಮೇಲೆ 'ಗೊಳಕ್' ಅಂತ ಒಂದು ಸಲ ಗಂಟಲು ಸರಿಮಾಡಿಕೊಂಡು, ಇಪ್ಪತ್ತು ಎಣಿಸುವಷ್ಟರಲ್ಲಿ ಎರಡು ಕೊಡ ನೀರನ್ನು ಒಂದೇ ಏಟಿಗೆ ಸುರಿದುಬಿಡುತ್ತಿದ್ದ. ಕಾವಲುಗಾರನ ಸ್ವಂತ ದೊಡ್ಡಪ್ಪನೂ ಹಾಗೆಯೇ. ಮದುವೆಮನೆಗೆ ಎಲ್ಲರೂ ಕೈ ತೊಳೆದ ಮೇಲೆ ಬಂದು, ಕೆಮ್ಮಿ, ವರ್ಷದ ಮಾತೆಲ್ಲ ಒಟ್ಟಿಗೆ ಆಡಿ ಹೋಗುತ್ತಿದ್ದ.

ಆ ಕಟ್ಟೆಯ ಮೇಲೆ ಯಾರೋ ಹಳೇ ಕಾಲದವನು ಉಳಿಯಿಂದ ಗೀಚಿದ ಆಟದ ಮನೆಗಳಿದ್ದವು. ಐದು ಸಾಲು, ಸಾಲಿಗೆ ಐದು ಮನೆ, ನಡುವಿನ ಮನೆಗೆ ಒಂದು ಅಡ್ಡಗೀಟು. ಪಂಡಿತರು ಅದರ ಮೇಲೆ ಚೀಲ ಇಟ್ಟುಕೊಂಡು ಕೂರುತ್ತಿದ್ದರೇ ಹೊರತು ಒಬ್ಬರೂ ಅದನ್ನು ನೋಡಿದವರಲ್ಲ. ಕಾವಲುಗಾರ ಮಾತ್ರ, ಇದನ್ನು ಗೀಚಿದವನೂ ಕಾವಲುಗಾರನೇ ಇರಬೇಕು ಅಂದುಕೊಂಡಿದ್ದ. ಇಷ್ಟು ಬಿಡುವು ಇನ್ಯಾರಿಗಿರುತ್ತದೆ? ಅದಕ್ಕೇ ಎಲ್ಲಕ್ಕಿಂತ ಅಗಲವಾದ ತಪ್ಪಲೆ ದೊಡ್ಡಪ್ಪನಿಗೆ ಮೀಸಲಾಗಿತ್ತು. ನೀರಿನ ಏಟಿಗೆ ಒಂದು ಮೂಲೆಯ ಎರಡು ಮನೆ ಆಗಲೇ ಸವೆದುಹೋಗಿದ್ದವು. ಅದು ಇವನು ಬರುವುದಕ್ಕಿಂತ ಮುಂಚಿನ ಕಥೆ. ಇವನು ಬಂದ ಮೇಲೆ ಒಂದು ಗೀಟೂ ಸವೆದಿರಲಿಲ್ಲ.

ಸೋರುವುದನ್ನು ಯಾರಿಗೂ ಹೇಳದೆ ಇದ್ದದ್ದು ಯಾಕೆ ಅಂದರೆ, ಅದಕ್ಕೂ ಒಂದು ಕಾರಣವಿತ್ತು. ಇವನಿಗಿಂತ ಹಿಂದೆ ಇದ್ದ ಕಾವಲುಗಾರನ ಕಾಲದಲ್ಲಿ, ಪುರಾತತ್ವ ಇಲಾಖೆಯ ಆಗಿನ ಸಾಹೇಬರೊಬ್ಬರ ಬೋಳುತಲೆಯ ಮೇಲೆ ಅತ್ತೆಯ ಒಂದೇ ಒಂದು ಹನಿ ಬಿತ್ತು. ಸಾವಿರ ವರ್ಷದ ಸೂರಿನ ಮೇಲೆ ಕ್ರಮ ಕೈಗೊಳ್ಳುವುದು ಕಷ್ಟ. ಆದ್ದರಿಂದ ಅರವತ್ತು ವರ್ಷದ ಕಾವಲುಗಾರನ ಮೇಲೆ ಕೈಗೊಂಡರು. ಅವನು ಗಂಟುಮೂಟೆ ಕಟ್ಟಿಕೊಂಡು ಹೋಗುವಾಗ ಇವನಿಗೆ ಬೀಗದ ಕೈ ಕೊಟ್ಟು, "ಏನು ಬೇಕಾದ್ರೂ ಬೀಳಲಿ ತಮ್ಮಾ, ಸಾಹೇಬರ ತಲೆ ಮೇಲೆ ಹನಿ ಬೀಳದ ಹಾಗೆ ನೋಡ್ಕೋ" ಅಂದಿದ್ದ. ಕೆಲಸದ ಬಗ್ಗೆ ಇವನಿಗೆ ಯಾರಾದರೂ ಹೇಳಿಕೊಟ್ಟದ್ದು ಅಂತ ಇದ್ದರೆ ಅದೊಂದೇ.

ಇವನು ನೋಡಿಕೊಂಡ. ಎಷ್ಟು ಚೆನ್ನಾಗಿ ನೋಡಿಕೊಂಡನೆಂದರೆ, ಬಂದವರನ್ನು ಹನಿ ಹನಿಯ ನಡುವೆ ಒಣಗಿದ ದಾರಿಯಲ್ಲೇ ನಡೆಸಿಕೊಂಡು ಹೋಗುವುದು ಅವನ ಕಾಲಿಗೆ ಬಾಯಿಪಾಠವಾಯಿತು. ಸುಮ್ಮನೆ 'ಈ ಕಡೆ ಬನ್ನಿ' ಅಂದರೆ ಯಾರು ಬರುತ್ತಾರೆ? ಒಂದೊಂದು ಸೋರಿಕೆಯ ಹತ್ತಿರವೂ ಎದುರುಗಡೆ ಏನಾದರೊಂದು ತೋರಿಸಬೇಕಿತ್ತು. ಅತ್ತೆಯನ್ನು ತಪ್ಪಿಸಲು ಬಲಗಡೆ ಗೋಡೆಯ ಸೊಂಡಿಲು ಮುರಿದ ಆನೆಯನ್ನು ಹಿಡಿದುಕೊಂಡ. "ಇಂಥ ಆನೆ ಇನ್ನೆಲ್ಲೂ ಇಲ್ಲ ಸಾಹೇಬ್ರೇ" ಅನ್ನುತ್ತಿದ್ದ. ನಿಜವೇ, ಅಷ್ಟು ಕೆಟ್ಟ ಆನೆ ಇನ್ನೆಲ್ಲೂ ಇರಲಿಲ್ಲ. ಯಾರೋ ಕಲಿಯುವವನು ಕೆತ್ತಿ ಕೆಡಿಸಿದ್ದು. ಬರಬರುತ್ತ ಆ ಆನೆಯೇ ಹೆಸರಾಯಿತು. ಇಲಾಖೆಯವರು ಅಚ್ಚು ಹಾಕಿಸಿದ ಕಾಗದದಲ್ಲಿ ಅದರ ಚಿತ್ರ ಬಂತು. ಒಬ್ಬ ಪಂಡಿತರು ಆ ಮುರಿದ ಸೊಂಡಿಲಿನ ಗೂಢಾರ್ಥದ ಮೇಲೆ ನಲವತ್ತು ಪುಟ ಬರೆದರಂತೆ. ಆ ಗುಡಿಯಲ್ಲಿ ನಿಜವಾಗಿ ನೋಡಬೇಕಾದದ್ದು ಅತ್ತೆಯ ಮೇಲಿನ ಒಳಚಾವಣಿ. ಒಂದರೊಳಗೊಂದು ಬಿಚ್ಚಿಕೊಂಡ ಹನ್ನೆರಡು ಸುತ್ತಿನ ಕಲ್ಲಿನ ಹೂವು. ಮೂವತ್ತೊಂದು ವರ್ಷದಿಂದ ಅದನ್ನು ಒಬ್ಬರೂ ನೋಡಿರಲಿಲ್ಲ.

ವರ್ಷಕ್ಕೊಂದು ಸಲ ಇಲಾಖೆಯಿಂದ ನಮೂನೆ ಬರುತ್ತಿತ್ತು. ಕಳವು: ಇದೆ, ಇಲ್ಲ. ಬಿರುಕು: ಇದೆ, ಇಲ್ಲ. ಸೋರಿಕೆ: ಇದೆ, ಇಲ್ಲ. ಇಲ್ಲ ಅಂದರೆ ಒಂದು ರುಜು. ಇದೆ ಅಂದರೆ ಕಾರಣ, ವಿವರ, ಹೊಣೆ ಯಾರದು ಅಂತ ಮೂರು ಪ್ರತಿ. ಕಾವಲುಗಾರ ಓದಿದ್ದು ಎರಡನೇ ಇಯತ್ತೆ. ರುಜು ಹಾಕಲು ಬರುತ್ತಿತ್ತು, ಕಾರಣ ಬರೆಯಲು ಬರುತ್ತಿರಲಿಲ್ಲ. ಹೀಗೆ ಕಾಗದದ ಮೇಲೆ ಆ ಗುಡಿ ಮೂವತ್ತೊಂದು ವರ್ಷ ಒಂದು ಹನಿಯೂ ಸೋರಲಿಲ್ಲ.

ಹೋದ ತಿಂಗಳು ಅದರ ಫಲ ಬಂತು. ಕಳವು, ಬಿರುಕು, ಸೋರಿಕೆ ಮೂರೂ ಇಲ್ಲದ ಕಟ್ಟಡಗಳಿಗೆ ಕಾವಲುಗಾರ ಯಾಕೆ ಬೇಕು, ಒಂದು ಬೀಗ, ಒಂದು ಫಲಕ ಸಾಲದೇ, ಅಂತ ಮೇಲಿನವರಿಗೆ ಅನಿಸಿತ್ತು. ಹುದ್ದೆ ರದ್ದು. ಬಾಗಿಲ ಪಕ್ಕದ ಕೋಣೆಯನ್ನು ತಿಂಗಳ ಕೊನೆಗೆ ಬಿಟ್ಟುಕೊಡಬೇಕು. ಹೊಸ ದೊಡ್ಡ ಸಾಹೇಬರು ತಾವೇ ಖುದ್ದು ಬಂದು, ಕಣ್ಣಾರೆ ನೋಡಿ, ರುಜು ಹಾಕುತ್ತಾರೆ. ಆ ದಿನ ಇವತ್ತು.

"ಅಲ್ರೀ, ನಾವು ಸರಿಯಾಗಿ ಕೆಲಸ ಮಾಡಿದ್ದೇ ತಪ್ಪಾಯ್ತಲ್ಲ," ಅಂತ ಆ ಕಾಗದ ಬಂದ ದಿನ ಹೆಂಡತಿ ಅಂದಿದ್ದಳು. ಆಮೇಲೆ ಇಪ್ಪತ್ತು ದಿನ ಆಕಾಶ ನೋಡುತ್ತ ಕೂತಿದ್ದಳು.

ಈಗ ಮಳೆ ಧೋ ಅಂತ ಸುರಿಯುತ್ತಿತ್ತು. ಹದಿನಾಲ್ಕು ಪಾತ್ರೆಗಳೂ ಮಂಚದ ಕೆಳಗೆ ಒಂದರೊಳಗೊಂದು ಕೂತಿದ್ದವು.

"ನೋಡಿ, ಇನ್ನೊಂದು ಸಲ ಹೇಳ್ತೀನಿ," ಹೆಂಡತಿ ಚಹಾ ಲೋಟ ಕೈಗೆ ಕೊಟ್ಟಳು. "ಹೊಸಿಲು ದಾಟಿದ ತಕ್ಷಣ ನಿಲ್ಲಿಸಿ. ಸಾಹೇಬ್ರೇ, ಮೇಲೆ ನೋಡಿ, ಹೂವು ನೋಡಿ ಅನ್ನಿ. ಅವರು ತಲೆ ಎತ್ತುತ್ತಾರೆ. ಅತ್ತೆ ನೇರ ಮೂಗಿನ ಮೇಲೆ ಬೀಳ್ತಾಳೆ. ಅಷ್ಟೇ ನಿಮ್ಮ ಕೆಲಸ. ಮುಂದಿನದು ಅತ್ತೆ ನೋಡ್ಕೋತಾಳೆ."

"ಅಷ್ಟೂ ಆಗಲ್ವೇನೇ ನನಗೆ?"

"ನಿಮಗೆ ಆಗುತ್ತೆ. ನಿಮ್ಮ ಕಾಲಿನ ಮೇಲೆ ನನಗೆ ಅನುಮಾನ."

ಎಂಟೂವರೆಗೆ ಇಲಾಖೆಯ ಗುಮಾಸ್ತ ಸ್ಕೂಟರಿನಲ್ಲಿ ಬಂದ. ತಲೆಯಿಂದ ಮಂಡಿಯವರೆಗೆ ಪ್ಲಾಸ್ಟಿಕ್ಕು, ಅದರೊಳಗೆ ಮಗುವಿನ ಹಾಗೆ ಅಪ್ಪಿಕೊಂಡ ಫೈಲು. ಇಪ್ಪತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತವನು. ಮಳೆಗಾಲದಲ್ಲಿ ಗುಡಿಯೊಳಗೆ ಅವನು ಕಾಲಿಟ್ಟದ್ದು ಇದೇ ಮೊದಲು. ಕಾಗದದಲ್ಲಿ ಇಲ್ಲದ್ದನ್ನು ತಿಳಿದುಕೊಳ್ಳುವ ಚಟ ಅವನಿಗೆ ಯಾವತ್ತೂ ಇರಲಿಲ್ಲ.

"ಅಂದರೆ, ಯಜಮಾನ್ರೇ," ಅಂದ. ಅವನ ಎಲ್ಲ ಮಾತೂ 'ಅಂದರೆ'ಯಿಂದಲೇ ಶುರುವಾಗುತ್ತಿತ್ತು, ಅದರ ಹಿಂದೆ ಏನೋ ಹೇಳಿ ಮುಗಿಸಿದ್ದವನ ಹಾಗೆ. "ಸಾಹೇಬರು ಕೇಳಿದ್ದಕ್ಕೆ ಮಾತ್ರ ಉತ್ತರ. ಅಮ್ಮನವರೂ ಅಷ್ಟೇ."

"ನಾನ್ಯಾಕೆ ಮಾತಾಡಲಿ ಅಣ್ಣಾ, ನನ್ನ ಹೆಸರು ಯಾವ ಕಾಗದದಲ್ಲೂ ಇಲ್ವಲ್ಲ," ಅಂದಳು ಕಾವಲುಗಾರನ ಹೆಂಡತಿ.

ಒಂಬತ್ತೂಕಾಲಿಗೆ ಕಾರು ಬಂತು. ಡ್ರೈವರು ಛತ್ರಿ ಬಿಚ್ಚಿಕೊಂಡು ಇಳಿದು ಹಿಂದಿನ ಬಾಗಿಲು ತೆಗೆದ. ಸಾಹೇಬರು ಬೂಟಿನ ತುದಿಯಲ್ಲಿ ನೆಲವನ್ನು ಒಮ್ಮೆ ಮುಟ್ಟಿ ನೋಡಿ, ಅದು ತಮ್ಮ ಭಾರ ಹೊರಲು ಅರ್ಹ ಅನಿಸಿದ ಮೇಲೆ ಇಳಿದರು. ಛತ್ರಿಯ ಕೆಳಗೆ ಪೂರ್ತಿ ಸಾಹೇಬರು, ಪೂರ್ತಿ ಹೊರಗೆ ಡ್ರೈವರು. ಹೀಗೆ ಇಬ್ಬರೂ ಗುಡಿಯ ಮೆಟ್ಟಿಲು ಹತ್ತಿದರು.

"ಎಂಥಾ ವಾತಾವರಣ!" ಅಂದರು ಸಾಹೇಬರು. "ಮಳೆ, ಕಲ್ಲು, ಮೌನ."

ಮೌನ ಅಂದದ್ದು ಅವರೇ ಕೂಗಿ ಹೇಳಬೇಕಾಯಿತು, ಮಳೆಯ ಸದ್ದು ಅಷ್ಟಿತ್ತು.

ಕಾವಲುಗಾರ ಹೊಸಿಲು ದಾಟಿದ. ಎದುರಿಗೇ ಅತ್ತೆ ಟಪ್ಪ ಟಪ್ಪ ಅನ್ನುತ್ತ ಕಾಯುತ್ತಿದ್ದಳು. ನಿಲ್ಲಿಸಬೇಕು, ಹೂವು ತೋರಿಸಬೇಕು. ಬಾಯಿ ತೆರೆದ.

"ಈ ಕಡೆ ಬನ್ನಿ ಸಾಹೇಬ್ರೇ, ಬಲಕ್ಕೆ. ಈ ಆನೆ ನೋಡಿ. ಇಂಥ ಆನೆ ಇನ್ನೆಲ್ಲೂ ಇಲ್ಲ."

ಅಂದ ಮೇಲೆ ಗೊತ್ತಾಯಿತು. ಹಿಂತಿರುಗಿ ನೋಡಿದರೆ ಸಾಹೇಬರು ಅತ್ತೆಯನ್ನು ಒಂದು ಮೊಳದಲ್ಲಿ ತಪ್ಪಿಸಿಕೊಂಡು ಆನೆಯ ಮುಂದೆ ನಿಂತಿದ್ದರು. ಬಾಗಿಲಲ್ಲಿ ಹೆಂಡತಿ ಹಣೆ ಚಚ್ಚಿಕೊಂಡಳು.

ಪರವಾಗಿಲ್ಲ, ನಾದಿನಿ ಇದ್ದಾಳೆ ಅಂದುಕೊಂಡ. ನಾದಿನಿ ಅವತ್ತು ಮೂರನೇ ಕಂಬದಲ್ಲಿದ್ದಳು. ಅದು ಅವನ ತಲೆಗೆ ಗೊತ್ತಾಗುವ ಮುಂಚೆ ಕಾಲಿಗೆ ಗೊತ್ತಾಗಿ, ಕಾಲು ಎರಡನೇ ಕಂಬದ ಹತ್ತಿರವೇ ಎಡಕ್ಕೆ ತಿರುಗಿತು. "ಈ ಕಂಬ ತಟ್ಟಿದರೆ ನಾದ ಬರುತ್ತೆ ಸಾಹೇಬ್ರೇ." ಸಾಹೇಬರು ತಟ್ಟಿದರು. ಯಾವ ನಾದವೂ ಬರಲಿಲ್ಲ. ಯಾವತ್ತೂ ಬಂದಿರಲಿಲ್ಲ. "ಆಹಾ," ಅಂದರು ಸಾಹೇಬರು. ಗುಮಾಸ್ತನೂ ತಟ್ಟಿ, "ಅಂದರೆ, ಸ್ಪಷ್ಟ ಸಾರ್," ಅಂದ.

ಅವಳಿಜವಳಿ ಇಬ್ಬರೂ ಸೇರಿ ಸುರಿಯುತ್ತಿದ್ದರು. ಅವರ ನಡುವೆ ಒಬ್ಬ ಮನುಷ್ಯ ಹಿಡಿಯುವಷ್ಟು ಜಾಗ ಇತ್ತು. ಕಾವಲುಗಾರ ಆ ಸಂದಿಯಲ್ಲಿ ಸಾಹೇಬರನ್ನು ಸೂಜಿಗೆ ದಾರ ಪೋಣಿಸಿದ ಹಾಗೆ ದಾಟಿಸಿದ. ಛತ್ರಿ ಮಡಚಿಕೊಂಡು ಹಿಂದೆ ಬಂದ ಡ್ರೈವರು ಎರಡೂ ಭುಜ ನೆನೆಸಿಕೊಂಡ. ಆದರೆ ಅವನು ಮೊದಲೇ ನೆಂದಿದ್ದ, ಲೆಕ್ಕಕ್ಕೆ ಬರಲಿಲ್ಲ. ಕತ್ತಲಲ್ಲಿ ನೆಲವೆಲ್ಲ ಹೊಳೆಯುತ್ತಿತ್ತು. ಸಾಹೇಬರು ನೆಲ ನೋಡುವವರಲ್ಲ. ಬೆರಳು ತೋರಿಸಿದ ಕಡೆಗಷ್ಟೇ ನೋಡುವವರು. ಹಾಗೆ ನೋಡಿಕೊಂಡೇ ಅಷ್ಟು ಮೇಲೆ ಬಂದವರು.

ಸುತ್ತು ಮುಗಿದು ನಡುಮಂಟಪಕ್ಕೆ ಬಂದಾಗ ಸಾಹೇಬರ ಕೋಟಿನ ಮೇಲೆ ಒಂದು ಹನಿ ಇರಲಿಲ್ಲ. ಬೂಟಿನ ಹೊಳಪೂ ಮಾಸಿರಲಿಲ್ಲ.

"ಅದ್ಭುತ!" ಅಂದರು ಸಾಹೇಬರು, ಎರಡೂ ಕೈ ಚಾಚಿ. "ಹೊರಗೆ ಪ್ರಳಯ. ಒಳಗೆ ಒಂದು ಹನಿ ಇಲ್ಲ. ಹಳಬರ ಕೆಲಸ ಅಂದರೆ ಇದು. ಇಂಥ ಕಟ್ಟಡಕ್ಕೆ ಕಾವಲುಗಾರ ಅಂದರೆ ಅವಮಾನ ಕಣ್ರೀ, ಕಟ್ಟಡಕ್ಕೇ ಅವಮಾನ."

"ಸಾಹೇಬ್ರೇ, ಅಲ್ಲಿ ಸೋರ್ತಿದೆ ನೋಡಿ," ಅಂದಳು ಹೆಂಡತಿ ಬಾಗಿಲಿಂದಲೇ. ಅವಳಿಗೆ ತಡೆಯಲಾಗಲಿಲ್ಲ.

"ಅಂದರೆ, ಅದು ಡ್ರೈವರ ಛತ್ರಿದು ಸಾರ್," ಅಂದ ಗುಮಾಸ್ತ.

ಕಾವಲುಗಾರನಿಗೆ ತಮ್ಮ ಕೋಣೆ ಕಣ್ಣ ಮುಂದೆ ಬಂತು. ಒಂದು ಮಂಚ, ಒಂದು ಒಲೆ, ಗುಡಿ ಕಾಣುವ ಒಂದು ಕಿಟಕಿ. ಇಬ್ಬರಿಗೂ ಈ ವಯಸ್ಸಿನಲ್ಲಿ ಅದನ್ನು ಬಿಟ್ಟರೆ ತಲೆಯ ಮೇಲೆ ಬೇರೆ ಸೂರಿಲ್ಲ.

"ಸೋರುತ್ತೆ ಸಾಹೇಬ್ರೇ," ಅಂದ. "ಹದಿನಾಲ್ಕು ಕಡೆ."

ಸಾಹೇಬರು ನಕ್ಕರು. ಮಕ್ಕಳು ಹೊಟ್ಟೆನೋವು ಅಂದಾಗ ಮೇಷ್ಟ್ರು ನಗುತ್ತಾರಲ್ಲ, ಹಾಗೆ. ಕೈ ಚಾಚಿದರು, ಗುಮಾಸ್ತ ಫೈಲು ಕೊಟ್ಟ. "ಇದು ನಿಮ್ಮ ರುಜು ತಾನೇ?"

"ಹೌದು ಸಾಹೇಬ್ರೇ."

"ಸೋರಿಕೆ ಇಲ್ಲ. ಹೋದ ವರ್ಷ. ಅದರ ಹಿಂದಿನ ವರ್ಷವೂ ಇಲ್ಲ. ಅದರ ಹಿಂದೆ ಕೂಡ ಇಲ್ಲ. ಮೂವತ್ತೊಂದು ರುಜು ಒಂದು ಕಡೆ, ಬೆಳಿಗ್ಗೆ ಎದ್ದು ಆಡಿದ ಒಂದು ಮಾತು ಇನ್ನೊಂದು ಕಡೆ. ನೀವೇ ಹೇಳಿ, ನಿಮ್ಮನ್ನ ನಂಬಲಾ, ನಿಮ್ಮ ರುಜುನ ನಂಬಲಾ? ಅಥವಾ ಇಷ್ಟು ವರ್ಷ ಸುಳ್ಳು ಬರೆದಿರಾ?"

ಹೌದು ಅಂದರೂ ಮನೆ ಹೋಯಿತು, ಇಲ್ಲ ಅಂದರೂ ಮನೆ ಹೋಯಿತು.

"ಕೂತು ಮುಗಿಸಿಬಿಡೋಣ," ಅಂದರು ಸಾಹೇಬರು. ಗುಮಾಸ್ತ ಕರವಸ್ತ್ರದಿಂದ ಕಲ್ಲುಕಟ್ಟೆ ಒರೆಸಿದ. ಸಾಹೇಬರು ಸರಿಯಾಗಿ ಆಟದ ಮನೆಗಳ ಮೇಲೆ ಕೂತು, ಹುದ್ದೆ ರದ್ದಿನ ಆದೇಶವನ್ನು ತೊಡೆಯ ಮೇಲೆ ಹರಡಿಕೊಂಡು, ಮಸಿಯ ಪೆನ್ನಿನ ಮುಚ್ಚಳ ತಿರುಗಿಸಿದರು. ಅಂಥ ಪೆನ್ನು ಈಗ ಯಾರೂ ಇಟ್ಟುಕೊಳ್ಳುವುದಿಲ್ಲ. ಸಾಹೇಬರಿಗೆ ಹಳೆಯದೆಲ್ಲದರ ಮೇಲೂ ಬಹಳ ಅಭಿಮಾನ, ಕಾವಲುಗಾರರೊಬ್ಬರನ್ನು ಬಿಟ್ಟು.

ಆಗ ಮೇಲೆ 'ಗೊಳಕ್' ಅಂದಿತು.

ಸಾಹೇಬರು ಓದುತ್ತಿದ್ದರು. ಗುಮಾಸ್ತ ಸಾಹೇಬರು ಓದುವುದನ್ನು ನೋಡುತ್ತಿದ್ದ. ಕೇಳಿಸಿದ್ದು ಗಂಡ ಹೆಂಡತಿ ಇಬ್ಬರಿಗೇ. ಕಾವಲುಗಾರ ಹೆಂಡತಿಯ ಮುಖ ನೋಡಿದ. ಅವಳು ಕಣ್ಣಲ್ಲೇ ಅಂದಳು: ಬಾಯಿ ಬಿಟ್ಟೀರಿ, ಜೋಕೆ.

ಒಂದು, ಎರಡು, ಮೂರು.

ಇವತ್ತು ದೊಡ್ಡಪ್ಪನ ನೆನಪೇ ಇಬ್ಬರಿಗೂ ಇರಲಿಲ್ಲ. ಯಾವಾಗ ಬಂದರೂ ಎಲ್ಲ ಮುಗಿದ ಮೇಲೆ ಬರುವವನು. ಇವತ್ತು ಸಮಯಕ್ಕೆ ಸರಿಯಾಗಿ ಬಂದಿದ್ದಾನೆ. ಸುಮ್ಮನಿದ್ದರೆ ಸಾಕು. ಏಳು, ಎಂಟು.

ಸುಮ್ಮನಿರುವುದು ಅಷ್ಟು ಸುಲಭವಾಗಿದ್ದರೆ. ಮೂವತ್ತೊಂದು ವರ್ಷ ಒಬ್ಬನೇ ಒಬ್ಬ ಸಾಹೇಬನ ತಲೆಯ ಮೇಲೂ ಹನಿ ಬೀಳಗೊಡದ ಮನುಷ್ಯ. ಅದೂ ಅಲ್ಲದೆ ಕಟ್ಟೆಯ ಮೇಲೆ ತಪ್ಪಲೆ ಇಲ್ಲ. ಅಷ್ಟು ನೀರು ನೇರ ಆ ಗೀಟುಗಳ ಮೇಲೆ... ಸಾಹೇಬರು ಕೂತಿದ್ದಾರೆ, ಅವರ ಮೇಲೆಯೇ ಬೀಳುತ್ತದೆ, ಗೀಟಿಗೆ ಏನೂ ಆಗುವುದಿಲ್ಲ, ಅಂತ ಸಮಾಧಾನ ಮಾಡಿಕೊಂಡ. ತಪ್ಪಲೆಯ ಬದಲಿಗೆ ಸಾಹೇಬರನ್ನು ಇಟ್ಟ ಹಾಗಾಯಿತು. ಹನ್ನೆರಡು, ಹದಿಮೂರು.

"ಸಾಹೇಬ್ರೇ," ಅಂದಿತು ಬಾಯಿ. "ಸ್ವಲ್ಪ ಈ ಕಡೆ ಬನ್ನಿ. ಆನೆ..."

ಹೆಂಡತಿ ಕಣ್ಣು ಮುಚ್ಚಿಕೊಂಡಳು.

"ಆನೆ ನೋಡಿ ಆಯ್ತಲ್ರೀ," ಅಂದರು ಸಾಹೇಬರು, ತಲೆ ಎತ್ತದೆ.

"ಇನ್ನೊಂದು ಸಲ ನೋಡಿ ಸಾಹೇಬ್ರೇ. ಈಗಲೇ ಬನ್ನಿ. ಕೈ ಮುಗೀತೀನಿ."

"ಅಂದರೆ, ಸಾಹೇಬರು ಕೆಲಸದಲ್ಲಿದ್ದಾರೆ!" ಗದರಿದ ಗುಮಾಸ್ತ.

ಸಾಹೇಬರು ಪೆನ್ನು ಊರಿದರು. ಹದಿನೆಂಟು. ಹೆಸರಿನ ಮೊದಲ ಅಕ್ಷರ ದೊಡ್ಡದಾಗಿ ಸುತ್ತಿ ಬರೆದರು. ಹತ್ತೊಂಬತ್ತು.

ದೊಡ್ಡಪ್ಪ ಬಂದ.

ಎರಡು ಕೊಡ ನೀರು ಒಬ್ಬ ಮನುಷ್ಯನ ಮೇಲೆ ಬಿದ್ದರೆ ಎಷ್ಟು ಸದ್ದಾಗುತ್ತದೆ ಅನ್ನುವುದು ಕಾವಲುಗಾರನಿಗೂ ಹೊಸ ವಿಷಯ. ತಪ್ಪಲೆಯಲ್ಲಿ ಬಿದ್ದರೆ ಬೇರೆ ಥರ ಕೇಳಿಸುತ್ತಿತ್ತು. ಸಾಹೇಬರ ಕೂದಲು ಹಣೆಗೆ ಅಂಟಿತು, ಕನ್ನಡಕ ಮೂಗಿನ ತುದಿಗೆ ಇಳಿಯಿತು. ತೊಡೆಯ ಮೇಲಿನ ಆದೇಶದಲ್ಲಿ ಮಸಿ ನಾಲ್ಕೂ ದಿಕ್ಕಿಗೆ ಹರಿದು, ಆಮೇಲೆ ಪ್ಯಾಂಟಿಗೂ ಇಳಿಯಿತು. ಒಂದು ಏಟಿಗೆ ಎಲ್ಲ ಕೊಟ್ಟ ಮೇಲೆ ದೊಡ್ಡಪ್ಪ ತನ್ನ ಪದ್ಧತಿಯಂತೆ ಸಣ್ಣಗೆ, ಮರ್ಯಾದೆಯಿಂದ, ಸಾಹೇಬರ ಬೈತಲೆಯ ಮೇಲೆ ತೊಟ್ಟಿಕ್ಕತೊಡಗಿದ.

ಡ್ರೈವರು ಛತ್ರಿ ಬಿಚ್ಚಿದ. ಅವನಿಗೆ ಹೊಳೆದದ್ದು ಅದೊಂದೇ.

"ಅಂದರೆ," ಅಂದ ಗುಮಾಸ್ತ. ಸೂರು ನೋಡಿದ, ಸಾಹೇಬರನ್ನು ನೋಡಿದ. ಕೊನೆಗೆ, "ಗಾಳಿಗೆ ಎರಚಲು ಸಾರ್," ಅಂದ.

ಸಾಹೇಬರು ಕನ್ನಡಕ ತೆಗೆದು, ಒರೆಸಲು ಒಣಗಿದ ಬಟ್ಟೆ ಎಲ್ಲೂ ಸಿಗದೆ, ಹಾಗೇ ಹಾಕಿಕೊಂಡರು. ಕಾವಲುಗಾರನನ್ನು ದಿಟ್ಟಿಸಿದರು.

"ನಿಮಗೆ ಗೊತ್ತಿತ್ತು."

"ಸಾಹೇಬ್ರೇ..."

"ಬೀಳೋದಕ್ಕೆ ಮುಂಚೆ ಈ ಕಡೆ ಬನ್ನಿ ಅಂದಿರಿ. ಕೈ ಮುಗೀತೀನಿ ಅಂದಿರಿ. ಅಂದರೆ ಇಲ್ಲಿ ಸೋರುತ್ತೆ ಅಂತ ನಿಮಗೆ ಗೊತ್ತಿತ್ತು! ಗೊತ್ತಿದ್ದೂ ಇಲಾಖೆಗೆ ತಿಳಿಸಲಿಲ್ಲ!"

"ಈಗ ತಾನೇ ಹೇಳಿದೆ ಸಾಹೇಬ್ರೇ, ಹದಿನಾಲ್ಕು..."

"ಬರಹದಲ್ಲಿ ತಿಳಿಸಲಿಲ್ಲ!" ಸಾಹೇಬರು ಎದ್ದು ನಿಂತರು. ಬೂಟಿನೊಳಗಿಂದ ಪಚಕ್ ಅಂತ ಸದ್ದು ಬಂತು. "ನೋಟೀಸು ಕೊಡ್ರಿ ಇವರಿಗೆ. ಈಗಲೇ, ಇಲ್ಲೇ. ಸಾವಿರ ವರ್ಷ ಸೋರದ ಕಟ್ಟಡ ಇವರ ಕೈಯಲ್ಲಿ ಸೋರಿದ್ದು ಹೇಗೆ ಅಂತ ವಿಚಾರಣೆ ಆಗಲಿ."

ಹೇಳಿದವರೇ ಮಳೆಯಲ್ಲೇ ಕಾರಿನ ಕಡೆ ನಡೆದರು. ಈ ಸಲ ಕಾವಲುಗಾರ ದಾರಿ ತೋರಿಸಲಿಲ್ಲ. ತಾವಾಗಿಯೇ ನಡೆದು ಅವಳಿಜವಳಿ, ನಾದಿನಿ, ಅತ್ತೆ ನಾಲ್ವರನ್ನೂ ಸಾಹೇಬರು ಒಬ್ಬರನ್ನೂ ಬಿಡದಂತೆ ಮಾತಾಡಿಸಿಕೊಂಡು ಹೋದರು. ಅತ್ತೆಯ ಹನಿ ಬಿದ್ದಾಗ ತಲೆ ಎತ್ತಿ ಮೇಲೆ ನೋಡಿದರು. ಕಲ್ಲಿನ ಹೂವಿನ ಕೆಳಗೆ ಅರೆಗಳಿಗೆ ನಿಂತರು. ಕನ್ನಡಕದ ಮೇಲೆ ನೀರಿತ್ತು, ಏನು ಕಂಡಿತೋ ಏನೋ.

ಗುಮಾಸ್ತ ಗುಡಿಯ ಒಣಗಿದ ಮೂಲೆಯೊಂದನ್ನು ಹುಡುಕಿ ಕೂತು ಬರೆದ. ಗಂಡಹೆಂಡತಿ ಗೋಡೆಗೆ ಒರಗಿ ನಿಂತರು.

"ಬಾಯಿ ಮುಚ್ಚಿಕೊಂಡಿರಿ ಅಂದ್ರೆ ಆನೆಯಂತೆ ಆನೆ!" ಹೆಂಡತಿ ಪಿಸುಗುಟ್ಟಿದಳು. "ಸುಮ್ನೆ ಇದ್ದಿದ್ರೆ ಅವರಾಗಿ ನೆಂದು ಅವರಾಗಿ ಒಪ್ಕೋತಿದ್ರು. ಮನೆನೂ ಹೋಯ್ತು, ಮಾನನೂ ಹೋಯ್ತು. ಆ ಆನೆನೇ ಕಟ್ಕೊಂಡು ಹೋಗಿ ಇನ್ನು."

"ಬಂದುಬಿಡ್ತು ಕಣೇ ಬಾಯಿಗೆ."

"ಯಾರ ಮನೆಗೆ ಹೋಗೋದು ಹೇಳಿ? ಮಗಳನ್ನ ಕೊಟ್ಟ ಆ ನಿಜವಾದ ಅಳಿಯನ ಮನೆಗಾ? ಅಲ್ಲಿ ಸೋರಲ್ಲ, ಅದೊಂದು ಸುಖ. ಆದರೆ ಬಾಗಿಲು ತೆಗೀಬೇಕಲ್ಲ."

ಗುಮಾಸ್ತ ಬರೆದದ್ದನ್ನು ಊದಿ ಒಣಗಿಸಿಕೊಂಡು ಬಂದ. ಸುತ್ತ ನೋಡಿದ. ಕಾರಿನ ಸದ್ದು ದೂರವಾಗಿತ್ತು. ಮೊದಲ ಸಲ ಅವನು 'ಅಂದರೆ' ಇಲ್ಲದೆ ಮಾತು ಶುರುಮಾಡಿದ.

"ಯಾಕಮ್ಮಾ ಬೈತೀರಿ ಅವರನ್ನ? ನೀವು ಬದುಕಿಕೊಂಡ್ರಿ."

"ಏನಣ್ಣಾ ಹಾಗಂದ್ರೆ?"

"ವಿಚಾರಣೆ ಬಾಕಿ ಇರೋ ಮನುಷ್ಯನ ಹುದ್ದೆ ರದ್ದು ಮಾಡೋ ಹಾಗಿಲ್ಲ. ಹುದ್ದೆನೇ ಇಲ್ಲ ಅಂದ್ಮೇಲೆ ವಿಚಾರಣೆ ಯಾರ ಮೇಲೆ ಮಾಡ್ತಾರೆ? ಮುಗಿಯೋವರೆಗೆ ಕೆಲಸನೂ ಇರಬೇಕು, ಕೋಣೆನೂ ಇರಬೇಕು. ನಿಯಮ." ನೋಟೀಸನ್ನು ಕಾವಲುಗಾರನ ಕೈಗೆ ಕೊಟ್ಟ, ಸನ್ಮಾನಪತ್ರ ಕೊಡುವವನ ಹಾಗೆ ಎರಡೂ ಕೈಯಲ್ಲಿ. "ನನ್ನ ಮೇಲೆ ಒಂದು ವಿಚಾರಣೆ ಇದೆ. ಹದಿನಾರು ವರ್ಷ ಆಯ್ತು. ಒಂದು ಕುರ್ಚಿ ಕಳೆದುಹೋದದ್ದು. ಅದರ ದೆಸೆಯಿಂದ ಇವತ್ತಿಗೂ ನನ್ನ ಯಾರೂ ಅಲ್ಲಾಡಿಸಕ್ಕಾಗಿಲ್ಲ."

"ಕುರ್ಚಿ ಸಿಗಲಿಲ್ವಾ?"

"ಸಿಗದೆ ಏನು? ಅದರ ಮೇಲೇ ಕೂತಿದೀನಿ."

ಆಮೇಲೆ ಫೈಲಿನ ತಳದಿಂದ ಇನ್ನೊಂದು ಕಾಗದ ತೆಗೆದ. ಈ ವರ್ಷದ ನಮೂನೆ. ಕಳವು, ಬಿರುಕು, ಸೋರಿಕೆ.

"ಇದನ್ನೂ ಮುಗಿಸಿಬಿಡಿ. ಹುಷಾರಾಗಿ ಕೇಳಿ. ಸೋರಿಕೆ ಇದೆ ಅಂತ ಬರೆದರೆ ತಪ್ಪು ಒಪ್ಪಿಕೊಂಡ ಹಾಗೆ, ವಿಚಾರಣೆ ನಾಳೆನೇ ಮುಗೀತದೆ, ನೀವೂ ಮುಗೀತೀರಿ. ಇಲ್ಲ ಅಂತ ಬರೆದರೆ ಸಾಹೇಬರು ಹೌದು ಅಂತಾರೆ, ನೀವು ಅಲ್ಲ ಅಂತೀರಿ. ಸಾಕ್ಷಿ ಬೇಕು. ಸಾಕ್ಷಿಗಳನ್ನ ಮಳೆ ಬರೋ ದಿನವೇ ಕರೆಸಬೇಕು. ಅವರು ಕಾಗದ ಕಳಿಸೋ ಹೊತ್ತಿಗೆ ಬೇಸಿಗೆ ಬಂದಿರುತ್ತೆ. ನಿಮ್ಮ ಕಾಲ ಕಳೆಯೋವರೆಗೆ ನಡೀತದೆ ಬಿಡಿ."

ಕಾವಲುಗಾರ ಕಾಗದ ಇಸಿದುಕೊಂಡ. ಬರೆಯಲು ಒಂದು ಆಸರೆ ಬೇಕಿತ್ತು. ಕಟ್ಟೆಯ ಹತ್ತಿರ ಹೋದ. ದೊಡ್ಡಪ್ಪ ಆಟದ ನಡುಮನೆಯ ಅಡ್ಡಗೀಟಿನ ಮೇಲೆ ಹನಿಹನಿಯಾಗಿ ಬೀಳುತ್ತಿದ್ದ. ಕಾವಲುಗಾರ ಮೊದಲು ಮೊಣಕಾಲೂರಿ ತನ್ನ ಹೆಗಲ ವಸ್ತ್ರದಿಂದ ಆ ಗೀಟುಗಳನ್ನು ಒರೆಸಿದ. ಬೆರಳಿನಿಂದ ಒಂದೊಂದನ್ನೂ ತಡವಿ ನೋಡಿದ. ಇದ್ದವು. ಸಾಹೇಬರು ತಪ್ಪಲೆಯ ಕೆಲಸ ಚೆನ್ನಾಗಿಯೇ ಮಾಡಿದ್ದರು.

"ಲೇ," ಅಂತ ಕೂಗಿದ. "ಪಾತ್ರೆ ತಾ."

"ಇಷ್ಟಾದ ಮೇಲೂ ಇಡ್ತೀರಾ?" ಅಂದಳು ಹೆಂಡತಿ. ಅಂದವಳೇ ಆಗಲೇ ಕೋಣೆಯ ಕಡೆ ಅರ್ಧ ದಾರಿ ಹೋಗಿದ್ದಳು.

ದೊಡ್ಡ ತಪ್ಪಲೆ ಮೊದಲು ಬಂತು. ಅದನ್ನು ದೊಡ್ಡಪ್ಪನ ಕೆಳಗಿಟ್ಟ. ಪಕ್ಕದಲ್ಲಿ ಒಂದು ಗೇಣು ಒಣಗಿದ ಜಾಗ ಉಳಿಯಿತು. ಅದರ ಮೇಲೆ ನಮೂನೆ ಹರಡಿ, ಗುಮಾಸ್ತನ ಪೆನ್ನು ಹಿಡಿದು, ನಾಲಿಗೆಯ ತುದಿ ಹೊರಗೆ ಹಾಕಿಕೊಂಡು, ಸೋರಿಕೆ ಅನ್ನುವುದರ ಮುಂದೆ ಒಂದೊಂದೇ ಅಕ್ಷರ ಕೂಡಿಸಿ 'ಇಲ್ಲ' ಅಂತ ಬರೆದ.

ತಪ್ಪಲೆಯಲ್ಲಿ ಟಣ್ ಅಂತು.

"ರುಜು ಮೇಲೆ ಹನಿ ಬೀಳದ ಹಾಗೆ ನೋಡ್ಕೊಳ್ಳಿ ಯಜಮಾನ್ರೇ," ಅಂದ ಗುಮಾಸ್ತ, ಪ್ಲಾಸ್ಟಿಕ್ಕು ತಲೆಗೆ ಎಳೆದುಕೊಳ್ಳುತ್ತ. ಹೊರಡಲು ಹೊಸಿಲ ಕಡೆ ತಿರುಗಿದ.

"ಆ ಕಡೆ ಬೇಡ," ಅಂದ ಕಾವಲುಗಾರ, ತಲೆ ಎತ್ತದೆ. "ಆನೆ ಪಕ್ಕದಿಂದ ಹೋಗಿ."